ಖಾಲಿ ಹೊಟ್ಟೆಯಲ್ಲಿ ಆಕ್ಲೆಂಡಿಗೆ

ಸಂಪಾಜೆ ಘಟ್ಟ ಇಳಿಯುವ ಮೊದಲು ಏನೂ ತಿನ್ನಬಾರದು, ನೀರನ್ನೂ ಕುಡಿಯಬಾರದು. ನಮ್ಮೂರು ಗಾಳಿಬೀಡಿನಲ್ಲಿ ಇದು ಮಕ್ಕಳಿಗೂ ಗೊತ್ತು. ಒಮ್ಮೆ ಮದುವೆಗೆ ಹೋಗುವ ಅವಸರದಲ್ಲಿ ಎರಡು ಕಡುಬು ತಿಂದು ಮಂಗಳೂರು ಬಸ್ ಹತ್ತಿದ್ದೆ. ಘಟ್ಟದ ತಿರುವು ಶುರುವಾದದ್ದೇ ತಡ, ಪಕ್ಕದವರ ಬಿಳಿ ಪಂಚೆಯ ಮೇಲೆ ಎಲ್ಲ ಹೊರಗೆ ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಕಡುಬಿಗೆ ಹೋಯಿತು. ಅಂದಿನಿಂದ ನನಗೆ ಪ್ರಯಾಣವೆಂದರೆ ಉಪವಾಸ.

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಆಕ್ಲೆಂಡಿಗೆ ಹೊರಟೆ. ಅಳಿಯ ಅಲ್ಲಿ ಹಾಲಿನ ಕಾರ್ಖಾನೆಯಲ್ಲಿದ್ದಾನೆ. ಹೆರಿಗೆಗೆ ಎರಡು ವಾರವಿತ್ತು. ಮಗಳ ಕಾಲು ಊದಿಕೊಂಡು ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ, ನೋಡಿಕೊಳ್ಳಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಳಿಯ ಫೋನಿನಲ್ಲಿ ದಾರಿ ಹೇಳಿದ. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿ ವಿಮಾನ ಬದಲಿಸಬೇಕು. ಅಲ್ಲಿಂದ ಆಕ್ಲೆಂಡಿಗೆ ಎಂಟು ಸಾವಿರ ಕಿಲೋಮೀಟರಿಗೂ ಮೇಲೆ, ಹತ್ತು ಗಂಟೆ.

"ಅಷ್ಟು ದೂರಕ್ಕೆ ಹತ್ತೇ ಗಂಟೆಯಾ? ನಮ್ಮ ಬಸ್ಸು ಮಂಗಳೂರಿಗೇ ನಾಲ್ಕು ಗಂಟೆ ತಗೊಳ್ತದೆ. ಆ ಸ್ಪೀಡಿಗೆ ಹೊಟ್ಟೆ ಎಂತ ಆಗ್ಬೇಡ!"

"ಮೇಲೆ ತಿರುವು ಇಲ್ಲ ಅತ್ತೆ," ಎಂದು ಅವನು ನಕ್ಕ. ನಗುವವರ ಮಾತನ್ನು ನಾನು ನಂಬುವುದಿಲ್ಲ.

ಮನೆಯಿಂದಲೇ ಬಾಯಿ ಕಟ್ಟಿದೆ. ವಿಮಾನದ ಹುಡುಗಿ ಅನ್ನ ತಂದಳು, ಬೇಡವೆಂದೆ. ನೀರು ತಂದಳು, ಬೇಡವೆಂದೆ. ಸಿಂಗಾಪುರದಲ್ಲಿ ಕಾಯುವಾಗಲೂ ಒಂದು ಗುಟುಕು ಕುಡಿಯಲಿಲ್ಲ. ಎರಡನೇ ವಿಮಾನದಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತು, ತಲೆ ಸಿಡಿಯಿತು. ಆದರೂ ಪಕ್ಕದಲ್ಲಿ ಬಿಳಿ ಅಂಗಿಯವನೊಬ್ಬ ಕೂತಿದ್ದ, ನನ್ನ ಹಟ ಇನ್ನೂ ಗಟ್ಟಿಯಾಯಿತು. ಶಿವರಾತ್ರಿಗೆ ಇಡೀ ದಿನ ಉಪವಾಸ ಇರುವವಳಿಗೆ ಇದು ಯಾವ ಮಹಾ ಎಂದುಕೊಂಡೆ. ಒಂದು ಸಲವೂ ವಾಂತಿಯಾಗಲಿಲ್ಲ. ಗೆದ್ದೆ ಎಂದು ಒಳಗೊಳಗೇ ಬೀಗಿದೆ.

ಹೊರಗೆ ಬಂದಾಗ ಮಗಳು ತುಂಬಿದ ಹೊಟ್ಟೆ ಹಿಡಿದು ನಿಂತಿದ್ದಳು. ಅವಳನ್ನು ನೋಡಿದೆ, ನಕ್ಕೆ, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ನಾನು ಗಾಲಿಕುರ್ಚಿಯಲ್ಲಿದ್ದೆ. ಅಳಿಯ ತಳ್ಳುತ್ತಿದ್ದ, ನನ್ನ ಚೀಲ ಮಗಳ ಹೆಗಲಲ್ಲಿತ್ತು.

"ಎಂತ ಅವ್ವಾ ನೀನು! ನೀರೂ ಕುಡೀಲಿಲ್ವಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೂರು ದಿನ ಎದ್ದು ನಿಲ್ಲಲಾಗಲಿಲ್ಲ. ಅಳಿಯ ಕೆಲಸಕ್ಕೆ ಹೋದ ಮೇಲೆ ಮಗಳೇ ಸೊಂಟಕ್ಕೆ ಕೈ ಕೊಟ್ಟುಕೊಂಡು ಒಲೆಯ ಮುಂದೆ ನಿಂತು ಗಂಜಿ ಬೇಯಿಸಿದಳು. ಆ ಊದಿದ ಕಾಲನ್ನು ನೋಡುತ್ತಾ ನಾನು ಉಂಡೆ. ಅಂಥ ನಾಚಿಕೆಯನ್ನು ಆ ಬಸ್ಸಿನಲ್ಲೂ ಪಟ್ಟಿರಲಿಲ್ಲ.

ಅಷ್ಟರಲ್ಲಿ ಊರಿನಿಂದ ತಮ್ಮನ ಹೆಂಡತಿಯ ವಿಡಿಯೋ ಕರೆ ಬಂತು.

"ಅತ್ತಿಗೆ, ಮಗಳಿಗೆ ಎಂತ ಮಾಡಿ ಹಾಕಿದ್ರಿ ಇವತ್ತು?"

ಬಟ್ಟಲನ್ನು ಹೊದಿಕೆಯ ಕೆಳಗೆ ಸರಿಸಿ, "ಗಂಜಿ," ಎಂದೆ.

ಒಲೆಯ ಹತ್ತಿರ ನಿಂತಿದ್ದ ಮಗಳು ತಿರುಗಿ ನೋಡಿದಳು. ಬೆವರು ಒರೆಸಿಕೊಂಡು ಫೋನಿನ ಮುಂದೆ ಬಂದು, "ಹೌದು ಅತ್ತೆ, ಅವ್ವನ ಕೈಯದ್ದು, ತುಂಬಾ ಚೆನ್ನಾಗಿತ್ತು," ಎಂದಳು.