ಉಪ್ಪು ನೋಡುವ ಮೂಗು

ನಮ್ಮ ಅತ್ತೆಯ ಮನೆಯಲ್ಲಿ ಅಡುಗೆ ಮಾಡುವವರು ರುಚಿ ನೋಡುವಂತಿರಲಿಲ್ಲ. ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ತಾಗಿಸಿದರೆ ಎಂಜಲು. ಸಾರಿಗೆ ಉಪ್ಪು ಸಾಕೋ ಸಾಲದೋ ಎಂಬುದನ್ನು ಆವಿಯ ಮೇಲೆ ಮುಖ ಹಿಡಿದು ವಾಸನೆಯಿಂದಲೇ ತೀರ್ಮಾನಿಸಬೇಕು. ಮದುವೆಯಾದ ಹೊಸತರಲ್ಲಿ ನನಗೆ ಇದು ಶುದ್ಧ ತಲೆಹರಟೆ ಅನಿಸಿತ್ತು. ಆಮೇಲೆ ಕಲಿತೆ. ಮೈಸೂರು ಬಿಟ್ಟು ವರ್ಜೀನಿಯಾದ ಸ್ಟರ್ಲಿಂಗಿಗೆ ಬಂದು, ದೇವರು ಬಟ್ಟೆಯ ಕ್ಲಾಸೆಟ್ಟಿನೊಳಗೆ ಕೂತ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಯಾರಾದರೂ ನನ್ನ ಹುಳಿಯನ್ನು ಹೊಗಳಿದರೆ ಅದು ನನ್ನ ಮೂಗಿಗೆ ಸಂದ ಮರ್ಯಾದೆ ಎಂದು ಬೀಗುತ್ತಿದ್ದೆ.

ಕೊರೋನಾ ಬಂದು ಆ ಮೂಗನ್ನೇ ಕಿತ್ತುಕೊಂಡಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ರುಚಿಯೂ ಅದರ ಹಿಂದೆಯೇ ಹೋಯಿತು. ಅದು ಸಾಲದು ಎಂಬಂತೆ, ಸಂಜೆಯಾದರೆ ಎಲ್ಲೋ ಹಾಲು ಸೀದ ವಾಸನೆ ಬರತೊಡಗಿತು. ಓಡಿಹೋಗಿ ನೋಡಿದರೆ ಒಲೆಯ ಮೇಲೆ ಪಾತ್ರೆಯೇ ಇರುತ್ತಿರಲಿಲ್ಲ. ಇರುವುದು ಮೂಗಿಗೆ ತಿಳಿಯದು, ಇಲ್ಲದ್ದು ತಿಳಿಯುತ್ತದೆ. ಮನೆಯಲ್ಲಿ ಇನ್ಯಾರೋ ಅಡುಗೆ ಮಾಡುತ್ತಿದ್ದಾರೆ ಅನಿಸುತ್ತಿತ್ತು.

ನನ್ನ ಗಂಡನಿಗೂ ಅದೇ ವಾರ ಕೊರೋನಾ ಬಂದಿತ್ತು. ಅವರದು ಲೈಟಾಗಿ ಹೋಯಿತು ಎಂದುಕೊಂಡಿದ್ದೆ. "ಯಾಕೆ ತಲೆ ಕೆಡಿಸ್ಕೋತೀಯ? ನನ್ನ ಮೂಗಿದೆಯಲ್ಲ," ಎಂದು ಅವರು ಒಲೆಯ ಪಕ್ಕ ನಿಲ್ಲತೊಡಗಿದರು. ನಾನು ಉಪ್ಪು ಹಿಡಿದು ನಿಲ್ಲುವುದು, ಅವರು ಪಾತ್ರೆಯ ಮೇಲೆ ಬಗ್ಗಿ "ಇನ್ನೂ ಸ್ವಲ್ಪ" ಅನ್ನುವುದು, "ಹಾಂ, ಸಾಕು" ಅನ್ನುವುದು. ಸಾರು ಕಳಿಸಿದ ಮನೆಗಳಿಂದ ಹೊಗಳಿಕೆ ನಿಲ್ಲಲಿಲ್ಲ. ಅಷ್ಟು ವರ್ಷ ಒಂದು ಟೀ ಕೂಡ ನೆಟ್ಟಗೆ ಮಾಡದ ಮನುಷ್ಯನಿಗೆ ಇಂಥ ಮೂಗು ಎಲ್ಲಿತ್ತೋ ಎಂದು ಹೊಟ್ಟೆ ಉರಿಯುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕಿನಲ್ಲಿರುವ ಮಗಳಿಗೆ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಬಂದ ಹೆಣ್ಣುಮಗು. ಬಾಣಂತನ ನನ್ನದು. ಬೆಳ್ಳುಳ್ಳಿ, ಮೆಣಸು, ತುಪ್ಪ ಎಲ್ಲ ಕಾರಿಗೆ ತುಂಬಿದೆ, ಮನಸ್ಸಿನಲ್ಲಿ ಮಾತ್ರ ಪುಕಪುಕ. ಹಳಸಿದ್ದು ಗೊತ್ತಾಗದೆ ಬಾಣಂತಿಗೆ ಬಡಿಸಿಬಿಟ್ಟರೆ? ಅದಕ್ಕಿಂತ ದೊಡ್ಡ ಭಯವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಮೊಮ್ಮಗಳ ನೆತ್ತಿಗೆ ಮೂಗಿಟ್ಟಾಗ ಏನೂ ತಿಳಿಯದೇ ಹೋದರೆ ನಾನು ತಡೆದುಕೊಳ್ಳಲಾರೆ.

ಹೊಸ ಹೊಸ ವಾಸನೆ ತೋರಿಸಿದರೆ ಮೂಗು ಎಚ್ಚರವಾದರೂ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ಗಂಡ ಅದನ್ನೇ ಹಿಡಿದರು. ದಾರಿಯಲ್ಲಿ ಚೈನ್ ಹೋಟೆಲಿಗೆ ಕಾಲಿಡಕೂಡದು, ಎಲ್ಲ ಕಡೆ ಆಯಾ ಊರಿನದನ್ನೇ ತಿನ್ನಬೇಕು, ಅಟ್ಲಾಂಟಾ ಮುಟ್ಟುವಷ್ಟರಲ್ಲಿ ಯಾವುದಾದರೂ ಒಂದು ನನ್ನ ಮೂಗನ್ನು ತಟ್ಟಿ ಎಬ್ಬಿಸಬೇಕು.

ಹೀಗೆ ಶುರುವಾಯಿತು ನಮ್ಮ ತಿಂಡಿ ಯಾತ್ರೆ. ನಾರ್ತ್ ಕೆರೊಲೈನಾದ ರಸ್ತೆ ಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಸಿಕ್ಕಿತು. ಒದ್ದೆ ಕಾಗದದ ಚೀಲದಿಂದ ಒಂದು ಸುಲಿದು ಬಾಯಿಗೆ ಹಾಕಿಕೊಂಡೆ. ನೆನೆದ ಹತ್ತಿ. "ಹೇಗಿದೆ ರೀ?" ಎಂದೆ. ಅವರು ಕಣ್ಣು ಮುಚ್ಚಿ ಹೇಳಿದರು: "ಬಸವನಗುಡಿ ಪರಿಷೆಯದೇ ಕಣೇ. ಮಣ್ಣಿನ ವಾಸನೆ ಸ್ವಲ್ಪ ಜಾಸ್ತಿ." ಜೋಳದ ನುಚ್ಚಿನ ಗ್ರಿಟ್ಸ್ ಬಂದಾಗ "ಒಗ್ಗರಣೆ ಮರೆತ ತೆಳ್ಳನೆ ಉಪ್ಪಿಟ್ಟು, ಬೆಣ್ಣೆ ಘಮಘಮ ಅಂತಿದೆ" ಅಂದರು. ಸ್ವೀಟ್ ಟೀಗೆ "ಪಾಯಸದಲ್ಲಿ ಟೀಪುಡಿ ಬಿದ್ದಿದೆ" ಅಂದರು. ಹುರುಳಿಕಾಯಿ ಪಲ್ಯ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದರೆ ಅದರಲ್ಲೂ ಹಂದಿ ಮಾಂಸದ ಚೂರು. ಈ ಸೀಮೆಯಲ್ಲಿ ತರಕಾರಿಯನ್ನೂ ನಂಬುವಂತಿಲ್ಲ ಎಂದು ರೇಗಿದೆ. ಪೀಚ್ ಹಣ್ಣು ಕಚ್ಚಿ ಅವರು ಎಷ್ಟು ಚೆಂದ ವರ್ಣಿಸಿದರೆಂದರೆ, ನನಗೆ ಅಳು ಬಂತು. ನನ್ನ ಬಾಯಲ್ಲಿ ಅದು ಬರೀ ತಂಪು ನೀರು.

ಮರುದಿನ ಬೆಳಿಗ್ಗೆ ಸೌತ್ ಕೆರೊಲೈನಾದಲ್ಲಿ ಹೈವೇ ಬಿಟ್ಟೆವು. ಬಿಸ್ಕೆಟ್ಟಿಗೆ ಹೆಸರಾದ ಒಂದು ಸಣ್ಣ ಕೆಫೆ ಇದೆಯೆಂದು ಇವರಿಗೆ ಯಾರೋ ಹೇಳಿದ್ದರು. ಇಲ್ಲಿಯ ಬಿಸ್ಕೆಟ್ ಎಂದರೆ ಬೆಣ್ಣೆ ಹಾಕಿದ ಮೆತ್ತನೆಯ ಬನ್ನು. ರಸ್ತೆಯ ಎರಡೂ ಕಡೆ ಕುಡ್ಜು ಬಳ್ಳಿ ಮರ, ಕಂಬ, ಪಾಳುಮನೆ ಒಂದನ್ನೂ ಬಿಡದೆ ಹಸಿರು ಕಂಬಳಿ ಹೊದಿಸಿಬಿಟ್ಟಿತ್ತು. ಕಂಬಳಿಯ ಕೆಳಗೆ ಯಾರು ಮಲಗಿದ್ದಾರೆಂದು ಹೇಳುವಂತಿರಲಿಲ್ಲ. ನನಗೆ ಆ ದಾರಿ ಹಿಡಿಸಲಿಲ್ಲ.

ಕೆಫೆಯ ಮುಂದೆ ಕಾರುಗಳಿದ್ದವು. ಬಾಗಿಲು ತೆರೆದಿತ್ತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಮೇಜುಗಳ ಮೇಲೆ ಊಟ ಅರ್ಧಕ್ಕೆ ನಿಂತಿತ್ತು. ಕಚ್ಚಿದ ಬಿಸ್ಕೆಟ್, ಮೊಟ್ಟೆಗೆ ಚುಚ್ಚಿಟ್ಟ ಫೋರ್ಕ್, ಇನ್ನೂ ಹೊಗೆಯಾಡುವ ಕಾಫಿ. ಒಂದು ಕುರ್ಚಿ ಬೋರಲಾಗಿ ಬಿದ್ದಿತ್ತು. ಮಗುವಿನ ಒಂದೇ ಒಂದು ಚಪ್ಪಲಿ ಬಾಗಿಲ ಹತ್ತಿರ. ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. "ಹಲೋ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

"ಹಿಂದುಗಡೆ ಏನೋ ಆಗಿರ್ಬೇಕು, ನೋಡೋಕೆ ಹೋಗಿದಾರೆ. ಕೂತ್ಕೋ, ಬರ್ತಾರೆ," ಎಂದರು ಇವರು. ಕೂತೆವು. ಇವರು ಮೂಗರಳಿಸಿ ಉಸಿರೆಳೆದುಕೊಂಡರು. "ಆಹಾ! ಬೆಣ್ಣೆ, ಹುರಿದ ಹಿಟ್ಟು. ನಮ್ಮೂರ ಬೇಕರಿ ಮುಂದೆ ನಿಂತ ಹಾಗಿದೆ ಕಣೇ."

ನಾನೂ ಎಳೆದುಕೊಂಡೆ. ಏನೂ ಇಲ್ಲ. ನಿನ್ನೆ ಸಂಜೆಯಿಂದ ಬೆನ್ನು ಹತ್ತಿದ್ದ ಸೀದ ಹಾಲಿನ ವಾಸನೆ ಕೂಡ ಇರಲಿಲ್ಲ. ಮೂಗು ಶುದ್ಧವಾಗುತ್ತಿದೆ, ಒಳ್ಳೆಯ ಶಕುನ ಅಂದುಕೊಂಡೆ. ಆದರೂ ಆ ಕಾಫಿಯ ಹೊಗೆ ನೋಡುತ್ತ, ಇಲ್ಲಿದ್ದವರು ಎಲ್ಲಿಗೂ ಹೋಗಿಲ್ಲ, ಇಲ್ಲೇ ಕೂತು ನಮ್ಮನ್ನು ನೋಡುತ್ತಿದ್ದಾರೆ ಎನಿಸಿತು.

ಕೌಂಟರಿನ ಮೇಲೆ ಬುಟ್ಟಿಯಲ್ಲಿ ತಣ್ಣಗಾದ ಬಿಸ್ಕೆಟ್ಟುಗಳಿದ್ದವು. ಇವರು ಎರಡು ಎತ್ತಿಕೊಂಡರು. "ಬಿಸಿ ಇದ್ರೇನೇ ಘಮ. ಒಳಗೆ ಸ್ಟವ್ ಇರತ್ತೆ, ಒಂಚೂರು ಬಿಸಿ ಮಾಡ್ಕೊಂಡು ಬರ್ತೀನಿ. ನಿನ್ನ ಮೂಗಿಗೆ ಹಿಡಿದು ನೋಡೋಣ," ಎಂದು ಅಡುಗೆಮನೆಯ ಬಾಗಿಲಿಗೆ ಕೈ ಹಚ್ಚಿದರು.

"ರೀ! ಮುಟ್ಟಬೇಡಿ!" ಎಂದು ಕಿರುಚಿದೆ. "ಕೇಳದೆ ಇನ್ನೊಬ್ಬರ ಅಡುಗೆಮನೆಗೆ ಕಾಲಿಡ್ತಾರಾ? ಬುದ್ಧಿ ಬೇಡ್ವಾ?"

ಅತ್ತೆ ಕಲಿಸಿದ ಮಡಿ ಆಡಿಸಿದ ಮಾತು ಅದು, ಬೇರೇನಲ್ಲ. ಇವರು ಬಾಗಿಲ ಮೇಲೆ ಕೈಯಿಟ್ಟು ಹಾಗೇ ನಿಂತರು. ಅಷ್ಟರಲ್ಲಿ ಮುಂಬಾಗಿಲಲ್ಲಿ ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಕಾಣಿಸಿಕೊಂಡಳು. ಮೂಗು ಬಾಯಿಗೆ ಟವೆಲ್ ಒತ್ತಿಕೊಂಡಿದ್ದಳು. ಒಳಗೆ ಬರಲಿಲ್ಲ, ಹೊರಗಿನಿಂದಲೇ ಇನ್ನೊಂದು ಕೈ ಬೀಸಿ ಕರೆದಳು. "ಗ್ಯಾಸ್! ಗ್ಯಾಸ್ ಲೀಕಾಗಿದೆ, ಹೊರಗೆ ಬನ್ನಿ! ದೇವರೇ, ನಿಮಗೆ ವಾಸನೆ ಬರ್ತಿಲ್ವಾ?"

ಓಡಿದೆವು. ರಸ್ತೆಯ ತಿರುವಿನ ಆಚೆ, ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಇಡೀ ಕೆಫೆ ನಿಂತಿತ್ತು. ಕತ್ತಿನಲ್ಲಿ ನ್ಯಾಪ್‌ಕಿನ್ ಸಿಕ್ಕಿಸಿಕೊಂಡಿದ್ದ ಮುದುಕ, ಒಂದೇ ಚಪ್ಪಲಿಯ ಮಗು. ಸತ್ತವರು ಎದ್ದು ಬರುತ್ತಿರುವಂತೆ ನಮ್ಮನ್ನು ನೋಡುತ್ತಿದ್ದರು. ನಾತ ಅಲ್ಲಿಯವರೆಗೂ ಬರುತ್ತಿತ್ತಂತೆ. ಒಬ್ಬೊಬ್ಬರೂ ಮೂಗು ಮುಚ್ಚಿಕೊಂಡಿದ್ದರು, ಕೆಲವರು ತೋಳಿನಲ್ಲಿ, ಕೆಲವರು ಟೋಪಿಯಲ್ಲಿ.

ನಾನು ಮುಚ್ಚಿಕೊಂಡಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ. ಅಷ್ಟು ಜನರ ನಡುವೆ ನನ್ನ ಹಾಗೇ ಮೂಗು ಬಿಟ್ಟುಕೊಂಡು ನಿಂತಿದ್ದವರು ಇನ್ನೊಬ್ಬರೇ. ಕೈಯಲ್ಲಿ ಎರಡು ತಣ್ಣನೆಯ ಬಿಸ್ಕೆಟ್ ಹಿಡಿದಿದ್ದರು.

ಫೈರ್ ಇಂಜಿನ್ ಬಂತು, ಗ್ಯಾಸ್ ನಿಲ್ಲಿಸಿದರು, ನಮ್ಮ ಕಾರನ್ನು ಬಿಟ್ಟುಕೊಟ್ಟರು. ಜಾರ್ಜಿಯಾದ ಗಡಿ ದಾಟಿದೆವು. ಅಷ್ಟು ದಿನವೂ ಬಾಗಿಲು ಹಾಕಿಕೊಂಡು ಒಲೆ ಹಚ್ಚುತ್ತಿದ್ದ ನಮ್ಮ ಮನೆ ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿಯೂ ಗ್ಯಾಸ್ ಸ್ಟವ್. ಅಲ್ಲಿಯೂ ಮೂಗಿದ್ದವರು ಯಾರೂ ಇರಲಿಲ್ಲ.

"ಯಾವಾಗಿಂದ?" ಎಂದೆ.

"ನಿನಗೆ ಹೋಗೋಕೆ ಮುಂಚೇನೇ ಹೋಗಿತ್ತು. ಹೇಳೋಣ ಅನ್ನೋಷ್ಟರಲ್ಲಿ ನೀನು ಅಳ್ತಾ ಕೂತಿದ್ದೆ. ಇಬ್ಬರಿಗೂ ಇಲ್ಲ ಅಂದ್ರೆ ನೀನು ಸೌಟು ಮುಟ್ತಿರ್ಲಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಸತ್ತೇ ಹೋಗ್ತಿದ್ವಲ್ರೀ!" ಎಂದು ಕೂಗಿದೆ. ಸುಳ್ಳ, ಮಳ್ಳ, ಬಾಯಿಗೆ ಬಂದದ್ದೆಲ್ಲ ಅಂದೆ. ಅಂದು ಸುಸ್ತಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯಿತು. "ಹಾಗಾದ್ರೆ ಉಪ್ಪು? ಪ್ರತಿ ಸಲ ಸರಿಯಾಗಿ ಹೇಳ್ತಿದ್ರಲ್ಲ?"

ಅವರು ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಪಾತ್ರೆ ಯಾರು ನೋಡ್ತಿದ್ರು? ನಿನ್ನ ಕೈ ನೋಡ್ತಿದ್ದೆ. ಉಪ್ಪು ಸಾಕಾದಾಗ ನಿನ್ನ ಕೈ ತಾನಾಗೇ ಒಂದು ಕ್ಷಣ ನಿಲ್ಲತ್ತೆ. ಮೊದಲಿಂದಲೂ ಹಾಗೇ. ಅದು ನಿಂತ ತಕ್ಷಣ ಸಾಕು ಅಂತಿದ್ದೆ, ಅಷ್ಟೇ."

ನನ್ನ ಕೈಯನ್ನು ತಿರುಗಿಸಿ ನೋಡಿಕೊಂಡೆ. ಸ್ವಲ್ಪ ಹೆದರಿಕೆಯೇ ಆಯಿತು. ನನಗೆ ಗೊತ್ತಿಲ್ಲದೆ ಅಡುಗೆ ಮಾಡುತ್ತಿದ್ದ ಆ ಇನ್ಯಾರೋ ಇಲ್ಲೇ ಇದ್ದರು.

ಜಾನ್ಸ್ ಕ್ರೀಕಿನಲ್ಲಿ ಮೊದಲ ದಿನದ ಮೆಣಸಿನ ಸಾರು ಕುಡಿದು ಮಗಳು "ಅಮ್ಮ, ಪರ್ಫೆಕ್ಟ್" ಅಂದಳು. ಅಲ್ಲಿಯ ಒಲೆ ಕರೆಂಟಿನದು, ಅದೊಂದು ನೆಮ್ಮದಿ. ಆಮೇಲೆ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಬಗ್ಗಿ ನೆತ್ತಿಗೆ ಮೂಗಿಟ್ಟೆ. ಬಹಳ ಹೊತ್ತು ಇಟ್ಟೆ. ಆ ಕೆಫೆಯಲ್ಲಿ ಇದ್ದಂಥದೇ ಖಾಲಿ. ಕಣ್ಣೀರು ಕಾಣಬಾರದೆಂದು ತಲೆಯೆತ್ತದೆ ಮಗುವನ್ನು ಗಂಡನ ಕಡೆ ಚಾಚಿದೆ. ಅವರೂ ಮೂಗಿಟ್ಟರು.

"ಅಪ್ಪ, ಸ್ಮೆಲ್ ಚೆನ್ನಾಗಿದೆ ಅಲ್ವಾ? ಬೆಸ್ಟ್ ಸ್ಮೆಲ್ ಎವರ್," ಎಂದಳು ಮಗಳು.

ಕಡಲೆಕಾಯಿಗೆ, ಪೀಚಿಗೆ, ವಿಷಗಾಳಿಗೂ ಮಾತು ಹೊಂದಿಸಿದ ಮನುಷ್ಯ ಬಾಯಿ ತೆರೆದರು. ಮಾತು ಹೊರಡಲಿಲ್ಲ. ನನ್ನ ಮುಖ ನೋಡಿದರು. ನಾನೆಂದೂ ಕಂಡಿರದಷ್ಟು ಹೆದರಿದ್ದರು. ಅವರಿಗೂ ಅದೇ ಭಯವಿತ್ತೆಂದು ನನಗೆ ಆಗ ತಿಳಿಯಿತು.

"ನೀನು ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ ಕಣಮ್ಮ," ಎಂದು ನಾನೇ ಹೇಳಿದೆ. "ಅಲ್ವಾ ರೀ?"

"ಹೌದು," ಎಂದರು ಅವರು.