ಡ್ರ್ಯಾಗನ್‌ಗೆ ಹಾಲೆರೆದ ಬೆಳಗ್ಗೆ

ನಾನು ಚಿಕ್ಕವನಿದ್ದಾಗ ಗುಬ್ಬಿಯ ನಮ್ಮ ಪ್ರೈಮರಿ ಶಾಲೆಯಲ್ಲಿ ಒಂದು ದಿನ ಚೀನಾ ಹಬ್ಬ ಮಾಡಿದೆವು. ಎಷ್ಟು ಚಿಕ್ಕವನು ಎಂದು ಕೇಳಬೇಡಿ. ಒಮ್ಮೆ ಎರಡನೇ ಕ್ಲಾಸು ಅನ್ನಿಸುತ್ತದೆ, ಒಮ್ಮೆ ಮೂರನೆಯದು. ಆ ದಿನ ಒಳ್ಳೆಯ ಬಿಸಿಲಿತ್ತು ಎನ್ನುತ್ತದೆ ನೆನಪು. ಆದರೆ ಈ ನೆನಪಿಗೆ ಎಲ್ಲದರ ಮೇಲೂ ಬಿಸಿಲು ಸುರಿಯುವ ಚಟ. ನನ್ನ ಬಾಲ್ಯದ ಎಲ್ಲ ದಿನಗಳಲ್ಲೂ ಬಿಸಿಲೇ ಇದೆ. ಮಳೆಯಿಲ್ಲದೆ ನಮ್ಮೂರಲ್ಲಿ ರಾಗಿ ಹೇಗೆ ಬೆಳೆಯಿತೋ! ಆದ್ದರಿಂದ ಮಕ್ಕಳೇ, ಅಲ್ಲಲ್ಲಿ ಅನುಮಾನ ಪಡುತ್ತಲೇ ಕೇಳಿ.

ಅಪ್ಪ ಅದೇ ಶಾಲೆಯಲ್ಲಿ ಮೇಷ್ಟ್ರು. ಅದಕ್ಕೂ ಮೊದಲು ಮಿಲಿಟರಿಯಲ್ಲಿದ್ದರು. ರಂಗೂನಿನ ಚೀನಾದವರ ಬೀದಿಯಲ್ಲಿ ಹೊಸ ವರ್ಷದ ಡ್ರ್ಯಾಗನ್ ಕುಣಿತ ನೋಡಿದ್ದರು. ನೆರೆಯ ದೇಶಗಳ ಹಬ್ಬಗಳನ್ನು ಮಕ್ಕಳಿಗೆ ತೋರಿಸಬೇಕು ಎಂದು ಹೆಡ್‌ಮೇಷ್ಟ್ರು ಹೇಳಿದ್ದೇ ತಡ, "ಚೀನಾ ನನಗೆ ಬಿಡಿ ಸಾರ್" ಎಂದುಬಿಟ್ಟರಂತೆ. ಮರುದಿನದಿಂದ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಡ್ರ್ಯಾಗನ್ನಿನ ಮೈಗೆಂದು ಅಪ್ಪ ಹಳೆಯ ಬಿದಿರಿನ ಮಂಕರಿ ಬುಟ್ಟಿಗಳ ತಳ ಕಿತ್ತು ಸಾಲಾಗಿ ಇಟ್ಟರು. ಅಮ್ಮನ ಹಳೆಯ ಸೀರೆಗಳಿಂದ ಅಕ್ಕ ಅವನ್ನು ಒಂದಕ್ಕೊಂದು ಹೊಲಿದಳು. ಅವಳು ಅದೇ ಶಾಲೆಯ ದೊಡ್ಡ ಕ್ಲಾಸಿನಲ್ಲಿದ್ದಳು. ಹಸಿರು ಕಾಗದವನ್ನು ಮೀನಿನ ಪೊರೆಯಂತೆ ಕತ್ತರಿಸಿ ಗಂಜಿಯಲ್ಲಿ ಅಂಟಿಸಿದಳು. ತೆಂಗಿನ ನಾರಿನ ಗಡ್ಡ, ಒಣಗಿದ ಕೊಂಬೆಯ ಕೊಂಬು, ಕೆಂಪು ಬಟ್ಟೆಯ ನಾಲಿಗೆ. ಮನೆಯೆಲ್ಲ ಗಂಜಿಯ ಹುಳಿ ವಾಸನೆ. ಪ್ರತಿ ಮಂಕರಿಗೂ ಒಂದು ಬಿದಿರು ಕೋಲು, ಪ್ರತಿ ಕೋಲಿಗೂ ಒಂದು ಮಗು. ತಲೆ ಅಕ್ಕನದು. ನಿಂತಲ್ಲಿ ನಿಲ್ಲದ ನನಗೆ ಬಾಲ ಕೊಟ್ಟರು. ಎಲ್ಲರಿಗಿಂತ ಹೆಚ್ಚು ಓಡಬೇಕಾದ್ದು ಬಾಲವೇ. ಯಾವಾಗ ಓಡುತ್ತೇವೆ, ಯಾವಾಗ ಓಡುತ್ತೇವೆ ಎಂದು ನನ್ನ ಅಂಗಾಲು ತುರಿಸುತ್ತಿತ್ತು.

ಕಣ್ಣು ಮಾತ್ರ ಬರೆದಿರಲಿಲ್ಲ. ಎರಡು ಬಿಳಿ ವೃತ್ತ, ಅಷ್ಟೆ. ಅವನ್ನು ಯಾರೂ ಮುಟ್ಟಕೂಡದು ಎಂದು ಅಪ್ಪ ಹೇಳಿದ್ದರು.

ಹಬ್ಬದ ಬೆಳಗ್ಗೆ ಅದನ್ನು ಒಣಗಲೆಂದು ಜಗಲಿಯ ಮೇಲೆ ಉದ್ದಕ್ಕೆ ಮಲಗಿಸಿದ್ದೆವು. ಅಪ್ಪ ಸ್ನಾನಕ್ಕೆ ಹೋಗಿದ್ದರು. ಆಗ ಎದುರುಮನೆಯ ಅಜ್ಜಿ ಬಂದರು. ಕೈಯಲ್ಲಿ ಹಿತ್ತಾಳೆ ಚೊಂಬು, ಅರಿಶಿನ ಕುಂಕುಮದ ಬಟ್ಟಲು, ಕಣಗಿಲೆ ಹೂ. ಸೆರಗು ಹೊದ್ದು, ಕಣ್ಣು ಮುಚ್ಚಿ, ಏನೋ ಗೊಣಗುತ್ತಾ ಚೊಂಬಿನ ಹಾಲನ್ನು ಅದರ ತಲೆಯ ಮೇಲೆ ಸುರಿದೇಬಿಟ್ಟರು. ನಮ್ಮ ಕಡೆ ನಾಗಪ್ಪನ ಹುತ್ತಕ್ಕೆ ತನಿ ಎರೆಯುತ್ತಾರಲ್ಲ, ಹಾಗೆ.

ಹಸಿರು ಬಣ್ಣ ಹಾಲಿನ ಜೊತೆ ಇಳಿಯಿತು. ಮೂಗಿನ ಕಾಗದ ಮುದುರಿತು. ಅಕ್ಕ ಕಿರುಚಿಕೊಂಡಳು.

"ಅಯ್ಯೋ ಅಜ್ಜಿ! ಅದು ಹಾವಲ್ಲ!"

"ಹಾವಲ್ದಿದ್ರೆ ಈ ಉದ್ದನೆ ಮೈ ಯಾರ್ದೇ ತಾಯಿ? ಹಸೂದಾ, ಎಮ್ಮೇದಾ?"

"ಅದಕ್ಕೆ ಕೊಂಬೈತೆ, ನೋಡಿ!"

"ದೇವ್ರಿಗೆ ಕೊಂಬ್ ಬಂದ್ರೆ ಬ್ಯಾಡ ಅನ್ನೋಕೆ ನಾನ್ಯಾರು?"

ಬೀದಿ ಸೇರಿತು. ಕೋಲು ಹಿಡಿಯಬೇಕಾದ ಹುಡುಗರು ಬಂದರು, ಅವರ ಹಿಂದೆ ಅವರ ಅಮ್ಮಂದಿರೂ ಬಂದರು. ಅಜ್ಜಿಗೆ ಆಗಷ್ಟೇ ಕೋಲುಗಳು ಕಂಡವು. ನಾಗಪ್ಪನನ್ನು ಕೋಲಿಗೆ ಸಿಕ್ಕಿಸಿ ಕುಣಿಸುತ್ತಾರೆ ಎಂದು ತಿಳಿದಾಗ ಅವರ ಮುಖ ಬದಲಾಯಿತು. "ಕೂಸುಗಳಿಗೆ ಏನಾದ್ರೂ ಆದ್ರೆ ಯಾರು ಹೊಣೆ?" ಎಂದರು ಮೆಲ್ಲಗೆ. ಕೂಗಿದ್ದರೆ ಯಾರೂ ಹೆದರುತ್ತಿರಲಿಲ್ಲವೇನೋ. ಒಬ್ಬಾಕೆ ಮಗನ ರಟ್ಟೆ ಹಿಡಿದು, "ಬಾರ್ಲಾ ಮನೆಗೆ, ಚೀನಾನೂ ಬ್ಯಾಡ ಜಪಾನೂ ಬ್ಯಾಡ" ಎಂದು ಎಳೆದುಕೊಂಡು ಹೋದಳು. ಇನ್ನೊಬ್ಬಳು ಹೋದಳು. ಕೋಲುಗಳು ಒಂದೊಂದಾಗಿ ಗೋಡೆಗೆ ಒರಗಿದವು. ಮಕ್ಕಳಿಲ್ಲದೆ ಅದು ಏಳುವುದು ಹೇಗೆ?

ಅಪ್ಪ ಒದ್ದೆ ತಲೆಯಲ್ಲೇ ಬಂದರು. ಅದು ಮೋಡದಲ್ಲಿ ಇರುವ ಪ್ರಾಣಿ, ಆ ದೇಶದವರಿಗೆ ಮಳೆ ತರುತ್ತದೆ ಎಂದು ಅವರು ಬೀದಿಗೆಲ್ಲ ಮೊದಲೇ ವಿವರಿಸಿದ್ದರು. ಈಗ ವಿವರಿಸಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ಹಾಲು ಒರೆಸುತ್ತಾ ಹೇಳಿದರು:

"ಅಜ್ಜೀ, ಇದಕ್ಕಿನ್ನೂ ಕಣ್ ಬಂದಿಲ್ಲ. ಆ ದೇಶದಲ್ಲಿ ಕುಣ್ಸೋಕೆ ಮುಂಚೆ ಹಿರೀರು ಕಣ್ ಬರೀತಾರೆ. ಆಮೇಲೇ ಇದಕ್ಕೆ ಜೀವ. ಅಲ್ಲೀವರ್ಗೂ ಬರೀ ಮಂಕ್ರಿ."

ಅಜ್ಜಿ ಖಾಲಿ ಚೊಂಬನ್ನು ನೋಡಿದರು. "ಹಂಗಾರೆ ನಾನು ಹಾಲು ಎರೆದಿದ್ದು ಮಂಕ್ರಿಗಾ?"

ಬೀದಿಯೆಲ್ಲ ನಕ್ಕಿತು. ಅಕ್ಕನೂ ಮೂಗು ಒರೆಸಿಕೊಂಡು ನಕ್ಕಳು. ಅಜ್ಜಿ ನಗಲಿಲ್ಲ. "ಯಾರು ಬರೆಯೋದು ಕಣ್ಣ?" ಎಂದು ಕೇಳಿದರು.

ಹೆಡ್‌ಮೇಷ್ಟ್ರು ಬರೆಯುತ್ತಾರೆ ಎಂದು ತೀರ್ಮಾನವಾಗಿತ್ತು. ಅದಕ್ಕೆಂದೇ ಶಾಲೆಯಲ್ಲಿ ಹೊಸ ಕುಂಚವೂ ಕಾಯುತ್ತಿತ್ತು. ಆದರೂ ಅಪ್ಪ, "ಈ ಬೀದೀಲಿ ನಿಮಗಿಂತ ಹಿರೀರು ಯಾರವ್ರೆ ಅಜ್ಜಿ? ನೀವೇ ಬರೀಬೇಕು" ಎಂದರು.

ಅಜ್ಜಿ ಚೊಂಬು ಹಿಡಿದುಕೊಂಡು ಮನೆಗೆ ಹೋದರು. ಬರುತ್ತಾರೋ ಇಲ್ಲವೋ ಎಂದು ನಾವೆಲ್ಲ ಆ ಬಾಗಿಲನ್ನೇ ನೋಡುತ್ತಿದ್ದೆವು. ಬಹಳ ಹೊತ್ತಾಯಿತು. ನನಗೆ ಹಾಗೆ ಅನ್ನಿಸಿತೋ ಏನೋ. ಕೊನೆಗೆ ಕಣ್ಣುಕಪ್ಪಿನ ಡಬ್ಬಿ ಹಿಡಿದು ಬಂದರು. ಬೆರಳು ಅದ್ದಿ, ಬಿಳಿ ವೃತ್ತದ ಮುಂದೆ ಕೈ ನಿಲ್ಲಿಸಿ, ಕೂಸಿಗೆ ಹೇಳುವಂತೆ ಹೇಳಿದರು: "ನೋಡಪ್ಪಾ, ನೀನು ಯಾರೋ ನಂಗೊತ್ತಿಲ್ಲ. ಮಕ್ಳು ಕುಣಿಸ್ತವೆ. ಕ್ವಾಪ ಮಾಡ್ಕಬ್ಯಾಡ." ಒಂದು ಕಣ್ಣು ಇಟ್ಟರು. ಇನ್ನೊಂದು ಇಟ್ಟರು. ಎರಡನೆಯದು ದೊಡ್ಡದಾಯಿತು. ಅದು ಆಶ್ಚರ್ಯಪಟ್ಟು ನಮ್ಮನ್ನೇ ನೋಡುವಂತಿತ್ತು.

"ಬುಡ್ರಮ್ಮ, ಕಳಿಸ್ರಿ ಮಕ್ಕಳ್ನ. ನಾನು ಹೇಳಿದೀನಿ ಅದಕ್ಕೆ," ಎಂದರು ಅಜ್ಜಿ. ಮಕ್ಕಳು ಓಡಿ ಬಂದರು.

ಶಾಲೆಯ ಮೈದಾನದಲ್ಲಿ ತಮಟೆ ಶುರುವಾಯಿತು. ಧೂಳು, ಬೆವರು, ಬಿಸಿಲಿಗೆ ಹುಳಿಯುತ್ತಿದ್ದ ಹಾಲಿನ ವಾಸನೆ, ಹಿಂಬಾಲಿಸುವ ನೊಣಗಳು. ಅಕ್ಕ ಎಡಕ್ಕೆ ತಿರುಗಿದರೆ ನಾನು ಮೈದಾನದ ಅಂಚಿನವರೆಗೂ ಹಾರಬೇಕು. ಮೈದಾನ ಪೂರ್ತಿ ಸುತ್ತಿದೆವು. ಆಮೇಲೆ ಚೀನಾದವರ ಹಾಗೆ ತೆಂಗಿನ ಕಡ್ಡಿಗಳಿಂದ ಒತ್ತು ಶಾವಿಗೆ ಎತ್ತಿ ತಿನ್ನಲು ಹೋಗಿ ಅರ್ಧ ಮಡಿಲಿಗೆ ಬೀಳಿಸಿಕೊಂಡೆವು.

ಕುಣಿಗಲ್‌ನಲ್ಲಿರುವ ಅಕ್ಕನಿಗೆ ಮೊನ್ನೆ ಫೋನ್ ಮಾಡಿ ಇದನ್ನು ಹೇಳಿದರೆ, "ಏನ್ಲಾ ಸುಳ್ಳು ಹೇಳ್ತೀಯಾ? ಎಲ್ಲಿ ಪೂರ್ತಿ ಸುತ್ತಿದ್ವಿ? ಅರ್ಧಕ್ಕೇ ನೆನೆದ ಮೂಗು ಕಳಚಿ ಬಿತ್ತು ಕಣೋ, ಬರೀ ಮಂಕರಿ ಹಿಡ್ಕೊಂಡು ಕುಣಿದೆ" ಎನ್ನುತ್ತಾಳೆ. ಇರಬಹುದು. ಬಾಲದಲ್ಲಿದ್ದವನಿಗೆ ಮೂಗು ಬಿದ್ದದ್ದು ಕಾಣುವುದಿಲ್ಲ. ತಲೆ ಹೊತ್ತವಳಿಗೆ ಬಾಲ ಎಷ್ಟು ದೂರ ಓಡಿತೆಂದು ಗೊತ್ತಾಗುವುದಿಲ್ಲ. ನಮ್ಮಿಬ್ಬರ ನಡುವೆ ಇದ್ದ ಹುಡುಗರನ್ನು ಕೇಳೋಣವೆಂದರೆ ಅವರು ಎಲ್ಲೆಲ್ಲಿದ್ದಾರೋ.

ಈಗ ಉಪ್ಪಾರಹಳ್ಳಿಯ ನಿಮ್ಮ ಶಾಲೆಯಲ್ಲೂ ಚೀನಾ ಸಂಸ್ಕೃತಿಯ ದಿನ ಮಾಡಿದಿರಿ. ನಿಮ್ಮ ಡ್ರ್ಯಾಗನ್ ಕೊರಿಯರ್ ಪೆಟ್ಟಿಗೆಯಲ್ಲಿ ಬಂತು, ಮಿರಮಿರ ಮಿಂಚುತ್ತಾ, ಕಣ್ಣು ಸಮೇತ. ನೀವು ನೂಡಲ್ಸನ್ನು ಕಡ್ಡಿಯಲ್ಲಿ ನಮಗಿಂತ ಚೆನ್ನಾಗಿ ತಿಂದಿರಿ. ಗೋಡೆಗೆ ಕೆಂಪು ಲಾಂದ್ರ ಕಟ್ಟಿದಿರಿ. ಯಾವ ಅಜ್ಜಿಯೂ ತಡೆಯಲಿಲ್ಲ, ಯಾವ ಅಮ್ಮನೂ ಮಗನ ರಟ್ಟೆ ಹಿಡಿದು ಎಳೆಯಲಿಲ್ಲ. ಅದು ಒಳ್ಳೆಯದೇ. ನೀವು ಕಳಿಸಿದ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಅದರಲ್ಲಿ ಬಾಲ ಹಿಡಿದ ಹುಡುಗ ಕೋಲಿನಿಂದ ಒಂದು ಕೈ ಬಿಟ್ಟು ಕ್ಯಾಮೆರಾಗೆ ಟಾಟಾ ಮಾಡುತ್ತಾನೆ, ಆರಾಮಾಗಿ, ನಗುತ್ತಾ. ನನಗೆ ಆ ಧೈರ್ಯ ಇರಲಿಲ್ಲ. ಆ ದಿನ ನಾನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ಓಡಿದ್ದೆ. ನಮ್ಮ ಡ್ರ್ಯಾಗನ್‌ಗೆ ಆಗಷ್ಟೇ ಕಣ್ಣು ಬಂದಿತ್ತು.