ನೂಲಿಲ್ಲದ ಮಗ್ಗದ ಸದ್ದು

ಅಪ್ಪ ತೀರಿಕೊಂಡ ವರ್ಷ ನಡೆದದ್ದಿದು. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ನೋಡಿಕೊಳ್ಳುವ ಕೆಲಸ ನನ್ನದು. ಮನೆ ಹತ್ತಿರದ ನೆಗಮಂನಲ್ಲಿ, ನಾವು ತಲೆತಲಾಂತರದಿಂದ ನೇಯ್ಗೆಯವರು, ಮನೆಮಾತು ತಮಿಳು ಬೆರೆತ ಕನ್ನಡ.

ಆ ಸಲ ಇಥಿಯೋಪಿಯಾದಿಂದ ದಾವಿತ್ ಎಂಬ ಹುಡುಗ ಎಂ.ಎಸ್ಸಿ. ಓದಲು ಬಂದ. ಅವನ ಪದವಿ ಇಲ್ಲಿನದಕ್ಕೆ ಸಮ ಎಂಬ ಪತ್ರ ದೆಹಲಿಯಿಂದ ಬಂದಿರಲಿಲ್ಲ. ಪತ್ರವಿಲ್ಲದೆ ಹಾಸ್ಟೆಲ್ ಇಲ್ಲ, ವಿಳಾಸವಿಲ್ಲದೆ ಪೊಲೀಸ್ ನೋಂದಣಿ ಇಲ್ಲ, ಅದಾಗದಿದ್ದರೆ ಊರಿಗೆ ವಾಪಸ್. ಬಾಡಿಗೆ ಕೋಣೆಯವರು ಮುಖ ನೋಡಿಯೇ ಬಾಗಿಲು ಹಾಕಿದರು. ಈ ನಿಯಮ ಮಾಡಿದವರಿಂದಲೇ ಒಮ್ಮೆ ಹೀಗೆ ಸುತ್ತು ಹೊಡೆಸಬೇಕು ಅನಿಸಿತು. ತಡೆಯಲಾರದೆ ಅವನನ್ನು ಬಸ್ಸು ಹತ್ತಿಸಿ ಮನೆಗೆ ಕರೆತಂದೆ.

ಇಬ್ಬರೇ ಹೆಂಗಸರಿರುವ ಮನೆಗೆ ಗುರುತು ಪರಿಚಯ ಇಲ್ಲದವನೇ ಎಂದು ಅಮ್ಮ ಸಿಡುಕಿದಳು. ಖಾಲಿ ಇದ್ದದ್ದು ಮಗ್ಗದ ಕೋಣೆ ಒಂದೇ. ಅಪ್ಪ ಹೋದಾಗಿನಿಂದ ಅದಕ್ಕೆ ಬೀಗ. ಒಂದು ರಾತ್ರಿ ಜಗಲಿಯಲ್ಲಿ ಮಲಗಲಿ, ನಾಳೆ ಕಳಿಸಿಬಿಡು ಎಂದಳು.

ಮರುದಿನ ಭಾನುವಾರ, ಊಟ ಮಾಡಿಸಿ ಅವನನ್ನು ಕಳಿಸೋಣವೆಂದು ಮಧ್ಯಾಹ್ನ ಎಲೆ ಹಾಕುತ್ತಿದ್ದಾಗ ಮಗ್ಗದ ಸದ್ದು ಕೇಳಿತು. ಎರಡು ಪೆಟ್ಟು, ಸ್ವಲ್ಪ ತಡೆದು ಇನ್ನೊಂದು. ಅಪ್ಪನಿಗೆ ಬಲಗಾಲು ನೋವಿತ್ತು, ಮಗ್ಗ ತುಳಿಯುವಾಗ ತಡೆದು ತಡೆದು ಹಾಗೇ ನೇಯುತ್ತಿದ್ದರು. ಒಂದು ಕ್ಷಣ ಅಪ್ಪನೇ ಎಂದುಕೊಂಡೆ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು, ಈ ಹುಡುಗ ಬೀಗ ಒಡೆದನೇ ಎಂದು. ಓಡಿಹೋಗಿ ನೋಡಿದರೆ ಬೀಗ ಹಾಕಿದಂತೆಯೇ ಇತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ದಾವಿತ್ ಸೋಪಿನ ಕೈಯಲ್ಲೇ ಎದ್ದು ನಿಂತಿದ್ದ. ಒಳಗೆ ಯಾರು ನೇಯುತ್ತಿದ್ದಾರೆ, ನನ್ನ ತಂದೆಯೂ ನೇಕಾರರು, ನೋಡಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸದ್ದು ಇನ್ನೂ ಬರುತ್ತಲೇ ಇತ್ತು.

ಅಮ್ಮ ಬಂದು ಬೀಗ ತೆಗೆದಳು. ಸದ್ದು ನಿಂತಿತು. ಮಗ್ಗದಲ್ಲಿ ಒಂದೆಳೆ ನೂಲೂ ಇರಲಿಲ್ಲ. ಕೂರುವ ಹಲಗೆಯ ಮೇಲಿನ ದೂಳು ಹಾಗೇ ಇತ್ತು.

ಈ ಹುಡುಗ ಏನಂದ ಎಂದು ಅಮ್ಮ ಕೇಳಿದಳು. ಅವನ ಅಪ್ಪನೂ ನೇಕಾರರಂತೆ ಎಂದೆ. ಅವಳು ಹಲಗೆಯ ದೂಳನ್ನು ಸೆರಗಿನಿಂದ ಒರೆಸಿ ನನ್ನತ್ತ ತಿರುಗಿದಳು.

"ನಿಮ್ಮಪ್ಪ ತಾನ್ ಅದು, ಕಣ್ಣು. ನಾನ್ ಬ್ಯಾಡ ಅಂದಿದ್ಕೆ ಕೋಪ. ಈ ಪೈಯ ಇಲ್ಲೇ ಇರ್ಲಿ."

ಪತ್ರ ಬರುವವರೆಗೂ ದಾವಿತ್ ಆ ಕೋಣೆಯಲ್ಲೇ, ಮಗ್ಗದ ಪಕ್ಕ ಚಾಪೆ ಹಾಸಿಕೊಂಡು ಇದ್ದ. ಅವನಿದ್ದಷ್ಟು ದಿನ ಸದ್ದು ಕೇಳಲಿಲ್ಲ. ಓದು ಮುಗಿಸಿ ಈಗ ತನ್ನ ದೇಶದಲ್ಲಿ ಪಾಠ ಹೇಳುತ್ತಿದ್ದಾನೆ.

ಇಲಿ, ಗಾಳಿ ಎಂದು ಕಾರಣ ಕೊಟ್ಟವರಿದ್ದಾರೆ, ಕೊಡಲಿ. ನಾನು ಮಾತ್ರ ಇಂದಿಗೂ ದೂರದಿಂದ ಬಂದ ಯಾವ ಹುಡುಗನಿಗಾದರೂ "ಪತ್ರ ಬಂದ ಮೇಲೆ ಬಾ" ಎನ್ನಲು ಬಾಯಿ ತೆರೆದರೆ, ಅಪ್ಪ ಕೇಳಿಸಿಕೊಳ್ಳುತ್ತಿದ್ದಾರೆ ಅನಿಸಿ ಹೆದರುತ್ತೇನೆ.